ಖಾಲಿ ಹೊಟ್ಟೆ

ಐದು ಇಪ್ಪತ್ತಕ್ಕೆ ಮಾತ್ರೆ.
ಸಾಸಿವೆಗಿಂತ ಒಂಚೂರು ದೊಡ್ಡದು, ನಾಲಗೆಯ ಮೇಲಿಟ್ಟರೆ
ಇದೆಯೋ ಇಲ್ಲವೋ ಅನ್ನುವಷ್ಟು ಹಗುರ.
"ಆಮೇಲೆ ಅರ್ಧ ಗಂಟೆ ಏನೂ ಬೇಡಮ್ಮ,
ಕಾಫಿಯಂತೂ ಬೇಡವೇ ಬೇಡ,"
ಅಂದಿದ್ದರು ಜಿಲ್ಲಾಸ್ಪತ್ರೆಯ ಡಾಕ್ಟರು,
ಕಾಫಿ ಬೀಜ ಆರಿಸಿ ಆರಿಸಿ ಕಂದಿದ
ನನ್ನ ಬೆರಳ ತುದಿ ನೋಡುತ್ತಲೇ.

ಅರ್ಧ ಗಂಟೆ.
ಚೀಟಿಯಲ್ಲಿ ಬರೆದದ್ದೇನೋ ನನ್ನ ಹೆಸರಿಗೇ.
ಮನೆಯಲ್ಲಿ ಅದಕ್ಕೆ ಎಷ್ಟು ಜನ ವಾರಸುದಾರರು!
ಉಪ್ಪಳ್ಳಿಯ ನಲ್ಲಿಗೆ ನೀರು ಬಿಡುವುದು ಅದರೊಳಗೇ,
ಹಿಟ್ಟು ಉಕ್ಕರಿಸಿ, ಬಿಸಿ ಆರುವ ಮೊದಲೇ ನಾದಿ
ಹನ್ನೆರಡು ರೊಟ್ಟಿ ತಟ್ಟುವುದು ಅದರೊಳಗೇ,
ಚರಿತನ ಒಂದು ಸಾಕ್ಸ್ ಸಿಕ್ಕಿ ಇನ್ನೊಂದು ಸಿಗದಿರುವುದು,
ಅತ್ತೆಯ ಇನ್ಸುಲಿನ್.
ಅದನ್ನು ಮಾತ್ರ ಒಂದು ದಿನವೂ ಮರೆತವಳಲ್ಲ ನಾನು.
ಹೊಟ್ಟೆಯ ಚರ್ಮ ಚಿವುಟಿ ಹಿಡಿದು, ಚುಚ್ಚಿ,
ಹತ್ತು ಎಣಿಸಿ, ಸೂಜಿ ತೆಗೆಯುವುದು.

ನನ್ನದು ವಾರಕ್ಕೆ ಮೂರು ದಿನ
ಶೀಟಿನಲ್ಲೇ ಉಳಿದಿರುತ್ತದೆ.
ನೆನಪಾಗುವ ಹೊತ್ತಿಗೆ ಕಾಫಿ ಕುಡಿದಾಗಿರುತ್ತದೆ.
ಸುಳ್ಳೇಕೆ, ಒಮ್ಮೊಮ್ಮೆ ಬೇಕೆಂದೇ ಮರೆತಿದ್ದೇನೆ.
ಯಾರೂ ಏಳುವ ಮುಂಚೆ
ಹಿತ್ತಲ ಮೆಟ್ಟಿಲ ಮೇಲೆ ಆ ಒಂದು ಲೋಟ,
ಚಿಕೋರಿ ಸ್ವಲ್ಪ ಜಾಸ್ತಿ, ಬೆಲ್ಲ ಕಮ್ಮಿ.
ನನಗಿರುವ ಔಷಧಿ ಅದೊಂದೇ ಅಂತ
ಯಾವ ಡಾಕ್ಟರಿಗೆ ಹೇಳಲಿ?

ಕ್ಯೂರಿಂಗ್ ವರ್ಕ್ಸಿನ ಸಾಲಿನಲ್ಲಿ ಪಕ್ಕ ಮೈಮೂನಾ.
ಕಪ್ಪು ಬೀಜ, ಒಡಕು ಬೀಜ, ಹುಳ ಕೊರೆದದ್ದು,
ಕೈ ತಾನಾಗಿ ತೆಗೆದು ಬಿಸಾಡುತ್ತದೆ.
ನಾಲ್ಕು ಗಂಟೆಗೆ ಮೈ ನನ್ನದಲ್ಲ,
ಕುತ್ತಿಗೆಗೆ ಯಾರೋ ಒದ್ದೆ ಬಟ್ಟೆ ಸುತ್ತಿದ ಹಾಗೆ.
"ಬಾಚಣಿಗೆ ತುಂಬ ಕೂದಲು ಕಣೇ" ಅಂದರೆ
"ನಂಗೆ ಉದುರೋಕೆ ಉಳಿದಿದ್ರೆ ತಾನೆ!"
ನಗುತ್ತಾಳೆ. ಮೇಸ್ತ್ರಿ ತಿರುಗಿ ನೋಡುತ್ತಾನೆ.

ರಿಪೋರ್ಟಿನಲ್ಲಿ ಒಂಬತ್ತಿದ್ದದ್ದು ಇಪ್ಪತ್ತಾರು.
"ಅಮ್ಮಂಗೆ ಜಾಸ್ತಿ ಬಂದಿದೆ!" ಎಂದು ಕುಣಿದ ಚರಿತ.
ಇದರಲ್ಲಿ ಜಾಸ್ತಿ ಬಂದರೆ ಫೇಲು
ಎಂದು ಸಿಂಚನ ಅವನಿಗೆ ಹೇಳುತ್ತಿದ್ದಳು,
ನನ್ನನ್ನೇ ನೋಡುತ್ತ.

ದೀಪಾವಳಿ ಕಳೆದ ಮೇಲೊಂದು ಮಂಗಳವಾರ
ಸೂಜಿ ಹಿಡಿದು ಅತ್ತೆಯ ಸೆರಗು ಸರಿಸಿದೆ.
"ಈಗ ತಾನೆ ಹಾಕ್ದಲ್ಲೇ," ಅಂದರು.
ಹಾಕಿದ್ದೆನೆ?
ಕೈಯಲ್ಲಿ ಹದಿನಾರು ಗೆರೆ, ತಣ್ಣಗೆ.
ಕಿಟಕಿಯ ತಟ್ಟೆಯಲ್ಲಿ ಇನ್ನೊಂದು ಸಿರಿಂಜು, ಖಾಲಿ.
ಹಾಕಿದ್ದೆ.
ತವದ ಮೇಲೆ ರೊಟ್ಟಿ ಸೀದು ಹೊಗೆಯಾಡುತ್ತಿತ್ತು,
ನನಗೆ ವಾಸನೆಯೇ ತಿಳಿದಿರಲಿಲ್ಲ.

ಅತ್ತೆ ಬೈಯಲಿಲ್ಲ. ಬೈದಿದ್ದರೆ ಸುಲಭವಿತ್ತು.
ನನ್ನ ಕೈಯಿಂದ ಸೂಜಿ ತೆಗೆದುಕೊಂಡು
ತಡಕಾಡಿ ಮುಚ್ಚಳ ಹುಡುಕಿ ಹಾಕಿದರು.
"ನಾಳೆಯಿಂದ ನನ್ನ ಹೊಟ್ಟೆ ನಾನೇ ಚುಚ್ಕೋತೀನಿ.
ಗೆರೆ ಕಾಣಲ್ಲ, ಸಿಂಚನ ಎಳೆದು ಕೊಡ್ಲಿ.
ನೀನು ನಿನ್ನ ಮಾತ್ರೆ ನುಂಗು, ಮಾರಾಯ್ತಿ."

ಈಗ ಮೆಟ್ಟಿಲ ಮೇಲೆ ಸುಮ್ಮನೆ.
ಲೋಟವಿಲ್ಲದ ಕೈ ಎಲ್ಲಿಡಬೇಕೋ ತಿಳಿಯದು.
ಪಕ್ಕದ ಮನೆಯ ಡಿಕಾಕ್ಷನ್ನು
ಗೋಡೆ ಹಾರಿ ಬಂದು ಮೂಗಿನ ಮುಂದೆ ಕೂರುತ್ತದೆ.
ಒಳಗೆ ಗೂಡ್ಸ್ ಆಟೋದ ದೇವರಾಜು
"ಇದು ತವ ಬಿಟ್ಟು ಏಳ್ತಾನೇ ಇಲ್ವಲ್ಲೇ!"
ನಾನು ಉತ್ತರ ಕೊಡುವುದಿಲ್ಲ.
ಖಾಲಿ ಹೊಟ್ಟೆ, ಬಾಯಿ ತುಂಬ ಉತ್ತರ.
ನೀರು ಚಿಮುಕಿಸಿ, ಅಂಚಿನಿಂದ ಬಿಡಿಸಿ ಅಂತ
ಇಷ್ಟೇ ತಾನೆ, ಹೇಳಿಬಿಡಲೆ?

ಹದಿನೇಳನೆಯ ನಿಮಿಷ.
"ಅಮ್ಮಾ, ಇನ್ನೊಂದು ಸಾಕ್ಸ್?"
ಎದ್ದೆ. ಬಾಗಿಲವರೆಗೂ ಹೋದೆ.
ಬಕೆಟ್ಟಿನ ಹಿಂದೆ ಬಿದ್ದಿದೆ ಅದು, ನನಗೆ ಗೊತ್ತು.
ವಾಪಸ್ಸು ಬಂದು ಕೂತೆ.
ಇನ್ನೂ ಹದಿಮೂರು.